ಡಿ ಅಕ್ಷರದ ಹೊಟ್ಟೆ

"ಹೊಟ್ಟಿ ಮುಂದ ಬರಬೇಕ ಆಯಿ, ಹಿಂದಲ್ಲ!"

ಸ್ನೇಹಲ ಅಜ್ಜಿಯ ಕೈಯಿಂದ ಬಳಪ ಕಸಿದುಕೊಂಡು, ಪಾಟಿಯ ಮೇಲಿನ ಅಕ್ಷರವನ್ನು ಅಂಗೈಯಿಂದಲೇ ಒರೆಸಿಬಿಟ್ಟಳು. "ಹೊಟ್ಟಿ ಹಿಂದ ಬಂದ್ರ ಸಣ್ಣ ಡಿ. ಮುಂದ ಬಂದ್ರ ದೊಡ್ಡ ಡಿ. ಎಷ್ಟ ಸಲ ಹೇಳೂದ?"

ಶಿವಗಂಗವ್ವ ಶಿಸ್ತಾಗಿ ಮತ್ತೊಂದು ಬರೆದಳು. ನೆಟ್ಟಗೆ ಒಂದು ಗೆರೆ, ಅದರ ಮುಂದೆ ತುಂಬಿದ ಒಂದು ಹೊಟ್ಟೆ. ಬರೆದು ಪಾಟಿಯನ್ನು ದೂರ ಹಿಡಿದು ನೋಡಿದಳು. ಆಮೇಲೆ ಹೊರಗೆ ಕಟ್ಟೆಯ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು, ಚಹದ ಬಸಿಯನ್ನು ಹೊಟ್ಟೆಯ ಮೇಲೇ ಇಟ್ಟುಕೊಂಡು ಕೂತಿದ್ದ ಗಂಡನನ್ನು ನೋಡಿದಳು. ಮತ್ತೆ ಪಾಟಿ ನೋಡಿದಳು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಯಾಕ ನಗತಿ ಆಯಿ?"

"ಏನಿಲ್ಲವ್ವ. ಇಂಥಾವ್ರನ್ನ ಎಲ್ಲ್ಯೋ ನೋಡಿದಂಗಾತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಸೀಮಾಗೆ ತಟ್ಟನೆ ಅರ್ಥವಾಯಿತು. ಅತ್ತೆಯ ಮುಂದೆ ಮಾವನ ಹೊಟ್ಟೆಗೆ ನಗುವಷ್ಟು ಸಲಿಗೆ ಇನ್ನೂ ಬಂದಿರಲಿಲ್ಲವಾದ್ದರಿಂದ ಅವಳು ಒಲೆಯ ಕಡೆ ತಿರುಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಅರವತ್ತು ದಾಟಿದ ಹೆಂಗಸು ಪಾಟಿ ಹಿಡಿದು ಕೂತದ್ದಕ್ಕೆ ಕಾರಣ ಸ್ನೇಹಲಳ ಶಾಲೆ. ಸದಲಗಾದಿಂದ ಹಳದಿ ಬಸ್ಸಿನಲ್ಲಿ ಅವಳು ಹೋಗುತ್ತಿದ್ದ ಇಂಗ್ಲಿಷ್ ಶಾಲೆಯಲ್ಲಿ ವರ್ಷಕ್ಕೊಮ್ಮೆ ಅಜ್ಜ-ಅಜ್ಜಿಯರ ದಿನ ಮಾಡುತ್ತಿದ್ದರು. ಅಂದು ಪ್ರತಿ ಮಗುವಿನ ಅಜ್ಜನೋ ಅಜ್ಜಿಯೋ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಬರೆಯಬೇಕು, ಮೊಮ್ಮಗು ಅದನ್ನು ಓದಬೇಕು, ಚೆನ್ನಾಗಿ ಬರೆದವರಿಗೆ ಬಹುಮಾನ. ಹೋದ ವರ್ಷ ಅಜ್ಜ ಧರೆಪ್ಪ ಹೋಗಿದ್ದ. ಬಿಳಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಧೋತರ, ಮದುವೆಗೆ ಹೊರಟಂತೆ ಅತ್ತರು. ಹಲಗೆಯ ಮುಂದೆ ನಿಂತವನು ಒಂದು ಗಳಿಗೆ ಯೋಚಿಸಿ, ತನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಹಲಗೆಯ ತುಂಬ ಗಜಗಾತ್ರದಲ್ಲಿ ಬರೆದಿದ್ದ: ತನ್ನ ಟ್ರ್ಯಾಕ್ಟರಿನ ನಂಬರು. ಕೆಎ ಇಪ್ಪತ್ತಮೂರು, ಮುಂದಿನದೆಲ್ಲ ಸೇರಿಸಿ. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಸ್ನೇಹಲ ಮಾತ್ರ ಮನೆ ಮುಟ್ಟುವ ತನಕ ಅತ್ತಳು. ತರಗತಿಯ ಹುಡುಗರು ಅವಳನ್ನು ಆರು ತಿಂಗಳು 'ಕೆಎ ಇಪ್ಪತ್ತಮೂರು' ಎಂದೇ ಕರೆದರು.

ಈ ಸಲ ಅವಳು ಮೊದಲೇ ಹೇಳಿಬಿಟ್ಟಿದ್ದಳು. "ಮುತ್ಯಾ ಬರೂದ ಬ್ಯಾಡ. ಆಯಿ ಬರಲಿ."

ಧರೆಪ್ಪ ಮೀಸೆಯಲ್ಲಿ ನಕ್ಕನಾದರೂ ಅವನ ಮುಖ ಸ್ವಲ್ಪ ಸಣ್ಣದಾದದ್ದನ್ನು ಶಿವಗಂಗವ್ವ ನೋಡಿದ್ದಳು. ಮೊಮ್ಮಗಳು ಮತ್ತೊಮ್ಮೆ ಆ ಸಭೆಯಲ್ಲಿ ತಲೆ ತಗ್ಗಿಸಬಾರದು ಎಂದು ಅವಳು ಅವತ್ತೇ ನಿಶ್ಚಯಿಸಿದಳು. ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು, ಪೇಪರು ಓದುತ್ತಿದ್ದಳು, ಕೊಲ್ಹಾಪುರದ ಬಸ್ಸಿನ ಬೋರ್ಡಿನ ಮರಾಠಿಯ ಬಾಳಬೋಧ ಅಕ್ಷರವನ್ನೂ ಜೋಡಿಸಿ ಜೋಡಿಸಿ ಓದುತ್ತಿದ್ದಳು. ಇಂಗ್ಲಿಷು ಎಂದರೆ ಇನ್ನೊಂದು ಇಪ್ಪತ್ತಾರು ಅಕ್ಷರ ತಾನೆ ಎಂದುಕೊಂಡಳು. ಎರಡು ಸಲ ಇಪ್ಪತ್ತಾರು ಎಂದು ಆಮೇಲೆ ಗೊತ್ತಾಯಿತು.

"ಒಂದ ಅಕ್ಷರಕ್ಕ ಎರಡೆರಡ ಮಾರಿ ಯಾಕವ್ವ?" ಎಂದು ಅವಳು ಸೀಮಾಳನ್ನು ಕೇಳಿದಳು. "ನಮ್ಮ ಕನ್ನಡದೊಳಗ ಎಲ್ಲಾ ಅಕ್ಷರ ಪಂಗತಿಗೆ ಕುಂತಂಗ ಒಂದ ಸಾಲಿಗೆ ಕುಂತಿರ್ತಾವ. ನಿಮ್ಮ ಮರಾಠಿಯೊಳಗರ ದೊಡ್ಡದು ಸಣ್ಣದು ಐತೇನ?"

"ಇಲ್ರಿ ಅತ್ತಿ. ನನಗೂ ಸಾಲ್ಯಾಗ ಇದ ಗೋಳಾಗಿತ್ತರಿ," ಎಂದಳು ನಿಪ್ಪಾಣಿಯ ಮರಾಠಿ ಶಾಲೆಯಲ್ಲಿ ಕಲಿತ ಸೀಮಾ. "ನೀವು ಒಂದ ನೆಪ್ಪ ಇಟ್ಟಗೋರಿ. ಸಾಲ ಸುರು ಆದಾಗ ದೊಡ್ಡದ. ಹೆಸರ ಬಂದಾಗ ದೊಡ್ಡದ. ಅಷ್ಟ."

ಶಿವಗಂಗವ್ವ ನೆನಪಿಟ್ಟುಕೊಂಡಳು. ಆದರೆ ನೆನಪಿಟ್ಟುಕೊಂಡದ್ದನ್ನು ತನ್ನ ಲೆಕ್ಕಕ್ಕೆ ಹೊಂದಿಸಿಕೊಂಡಳು. ಮರುದಿನ ಅವಳು ಮನೆಯವರ ಹೆಸರು ಬರೆದು ತೋರಿಸಿದಾಗ ಮಗ ಸಂಜಯನದು ದೊಡ್ಡ ಎಸ್‌ನಿಂದ ಶುರುವಾಗಿತ್ತು. ಸೀಮಾಳದು, ಸ್ನೇಹಲಳದು ಸಣ್ಣ ಎಸ್.

"ಯಾಕರಿ ಅತ್ತಿ, ನಾ ಸಣ್ಣಾಕಿ ಏನ್ರಿ?" ಎಂದು ಸೀಮಾ ಸೊಂಟದ ಮೇಲೆ ಕೈಯಿಟ್ಟಳು.

"ಹಂಗಲ್ಲವ್ವ. ನೀ ಸೊಸಿ, ಇದು ಕೂಸು. ದೊಡ್ಡಾವ್ರಿಗೆ ದೊಡ್ಡ ಅಕ್ಷರ, ಸಣ್ಣವ್ರಿಗೆ ಸಣ್ಣದು. ಅಲ್ಲೇನ?"

"ಅಲ್ಲ! ಇಂಗ್ಲೀಷಿನ್ಯಾಗ ವಯಸ್ಸ ನೋಡೂದಿಲ್ಲ," ಎಂದು ಸ್ನೇಹಲ ಹಣೆ ಬಡಿದುಕೊಂಡಳು. "ಹೆಸರ ಅಂದ್ರ ಎಲ್ಲಾರದೂ ದೊಡ್ಡದ. ನಮ್ಮ ರಾಜಾಂದೂ."

ರಾಜಾ ಎಂದರೆ ಅಂಗಳದಲ್ಲಿ ಬಾಲ ಅಲ್ಲಾಡಿಸುತ್ತ ಬಿದ್ದಿದ್ದ ನಾಯಿ. ತನ್ನ ಹೆಸರು ಕೇಳಿ ಒಂದು ಕಿವಿ ಎತ್ತಿತು.

"ನಾಯಿಗೂ ದೊಡ್ಡ ಅಕ್ಷರ ಕೊಟ್ಟಾರ?" ಶಿವಗಂಗವ್ವ ಬೆರಗಾದಳು. "ಒಳ್ಳೇ ಮಂದಿ ಬಿಡ. ಯಾರನ್ನೂ ಕಡಿಮಿ ಮಾಡಿಲ್ಲ."

ಆದರೆ 'ನಾನು' ಎಂಬುದನ್ನು ಎಲ್ಲಿ ಬಂದರೂ ದೊಡ್ಡದಾಗಿಯೇ ಬರೆಯಬೇಕು, 'ನೀವು' ಎಂಬುದನ್ನು ಸಣ್ಣದಾಗಿ ಬರೆದರೂ ನಡೆಯುತ್ತದೆ ಎಂದು ತಿಳಿದಾಗ ಅವಳ ಅಭಿಪ್ರಾಯ ಅರ್ಧ ಬದಲಾಯಿತು. ಆ ಒಂಟಿ ಅಕ್ಷರವನ್ನು ಬರೆಯುವಾಗಲೆಲ್ಲ ಯಾರಾದರೂ ನೋಡುತ್ತಿದ್ದಾರೋ ಎಂದು ಆಚೀಚೆ ನೋಡುತ್ತಿದ್ದಳು.

ಇಷ್ಟೆಲ್ಲ ಪಾಸಾದರೂ ಒಂದು ಕಡೆ ಗಾಡಿ ಹೂತುಕೊಂಡಿತು. ಈ ವರ್ಷದ ವಿಷಯ 'ನನ್ನ ಕುಟುಂಬ'. ಐದು ಸಾಲು ಬರೆಯಬೇಕು, ಅದರಲ್ಲಿ ಅಜ್ಜ, ಅಜ್ಜಿ ಇಬ್ಬರ ಹೆಸರೂ ಬರಬೇಕು ಎಂದು ಶಾಲೆಯವರು ಫೋನಿಗೆ ಕಳಿಸಿದ್ದರು. ಮನೆಯಲ್ಲಿ ಎಲ್ಲರದೂ ಎಸ್. ಶಿವಗಂಗವ್ವ, ಸಂಜಯ, ಸೀಮಾ, ಸ್ನೇಹಲ. ಆ ಎಸ್‌ಗೆ ದೊಡ್ಡದಿರಲಿ ಸಣ್ಣದಿರಲಿ ಒಂದೇ ಮುಖ, ಬೆಳೆದದ್ದಷ್ಟೇ ಫರಕು. ಒಬ್ಬರದು ಮಾತ್ರ ಡಿ. ಶಿವಗಂಗವ್ವ ಐದನೆಯ ಸಾಲಿಗೆ ಬಂದು, ಹೊಟ್ಟೆ ಮುಂದಿರುವ ಡಿಯನ್ನು ಮುದ್ದಾಗಿ ಬರೆದು, ಬಳಪ ಕೆಳಗಿಟ್ಟಳು.

"ಮುಂದ?" ಎಂದಳು ಸ್ನೇಹಲ.

"ಅಷ್ಟ."

"ಅಷ್ಟ ಅಂದ್ರ? ಮುತ್ಯಾನ ಹೆಸರ ಪೂರಾ ಬರಿ."

ಶಿವಗಂಗವ್ವ ಸೊಸೆಯ ಮುಖ ನೋಡಿದಳು. ಲಗ್ನವಾಗಿ ಬಂದ ದಿನ ಹೊಸಿಲಲ್ಲಿ ನಾದಿನಿಯರು ಅಡ್ಡ ನಿಂತಾಗ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಹೇಳಿದ್ದು ಬಿಟ್ಟರೆ, ಆಮೇಲೆ ಯಾರದೋ ಮದುವೆ ಸೀಮಂತಗಳಲ್ಲಿ ಬಲವಂತಕ್ಕೆ ಹೇಳಿದ್ದು ಬಿಟ್ಟರೆ, ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. "ಕೇಳಿದ್ರ್ಯಾ?" ಎಂದರೆ ಧರೆಪ್ಪ ತಿರುಗಿ ನೋಡುತ್ತಿದ್ದ. ಅವನೂ ಕಡಿಮೆಯವನಲ್ಲ. ಮೊದಲು "ಏ ಇಕಿನ" ಎನ್ನುತ್ತಿದ್ದವನು ಮಗ ಹುಟ್ಟಿದ ಮೇಲೆ "ಸಂಜೂನ ಅವ್ವ" ಎನ್ನತೊಡಗಿದ್ದ. ಅಷ್ಟರಲ್ಲೇ ಸಂಸಾರ ಸುಖವಾಗಿ ನಡೆದಿತ್ತು.

"ಬರಿಯೂದ ಅಷ್ಟ ಅಲ್ರಿ ಅತ್ತಿ? ಬಾಯಿಲೆ ಹೇಳೂದೇನೈತಿ?" ಎಂದು ಸೀಮಾ ಮೆತ್ತಗೆ ಹೇಳಿದಳು. ಅವಳು ಗಂಡನನ್ನು ಸಂಜೂ ಎಂದೇ ಕರೆಯುತ್ತಿದ್ದಳು. ಮೊದಲ ಸಲ ಕೇಳಿದಾಗ ಶಿವಗಂಗವ್ವನ ಕೈಯಲ್ಲಿದ್ದ ಚರಿಗೆ ಬಿದ್ದಿತ್ತು.

"ಬಾಯೂ ನಂದ, ಕೈಯೂ ನಂದ. ಒಂದ ಡಿ ಸಾಕು. ನೋಡಿದ್ರ ಗುರ್ತ ಸಿಗ್ತೈತಿ."

ಸೀಮಾ ಮಗಳಿಗೆ ಕಣ್ಣು ಹೊಡೆದಳು. ಆ ದಿನಕ್ಕೆ ಮಾತು ಅಲ್ಲಿಗೇ ನಿಂತಿತು.

ಅಜ್ಜ-ಅಜ್ಜಿಯರ ದಿನ ಶಾಲೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಸಿರು ಇಳಕಲ್ಲ ಸೀರೆ ಉಟ್ಟು ಬಂದ ಶಿವಗಂಗವ್ವನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ನೆರೆಮನೆಯ ತಾರವ್ವ, ಅವಳ ಮೊಮ್ಮಗನೂ ಇದೇ ಶಾಲೆ. ತಾರವ್ವ ಆಗಲೇ ತನ್ನ ಐದು ಸಾಲನ್ನು ಹೇಗೋ ಗೀಚಿ, ಅರ್ಧ ದೊಡ್ಡದು ಅರ್ಧ ಸಣ್ಣದು ಮಾಡಿ, ಚಪ್ಪಾಳೆ ಹೊಡೆಸಿಕೊಂಡು ಬಂದು ಶೇಂಗಾ ತಿನ್ನುತ್ತಿದ್ದಳು. ಜೀಪು ಓಡಿಸಿಕೊಂಡು ಬಂದ ಧರೆಪ್ಪ, ಮೊಮ್ಮಗಳಿಗೆ ಕೊಟ್ಟ ಮಾತಿನಂತೆ ಕಟ್ಟಕಡೆಯ ಸಾಲಿನಲ್ಲಿ ಕೂತಿದ್ದ. ಹಿಂದೆ ಕೂತರೂ ಆ ಬಿಳಿ ಟೊಪ್ಪಿಗೆ, ಆ ಹೊಟ್ಟೆ ಎಲ್ಲರಿಗೂ ಕಾಣುತ್ತಿತ್ತು.

ಸಾರಿಕಾ ಟೀಚರ್ ಹೆಸರು ಕರೆದಾಗ ಶಿವಗಂಗವ್ವ ಎದ್ದಳು. ಚಾಕ್‌ಪೀಸ್ ಹಿಡಿದಳು. ರಂಗೋಲಿ ಹಾಕಿದ ಕೈ ಅದು. ಒಂದೊಂದೇ ಸಾಲು ಹಲಗೆಯ ಮೇಲೆ ಇಳಿಯಿತು, ಸ್ನೇಹಲ ಪಕ್ಕದಲ್ಲಿ ನಿಂತು ಗಂಟಲೆತ್ತಿ ಓದಿದಳು. "ಐ ಆ್ಯಮ್ ಶಿವಗಂಗವ್ವ! ಮೈ ಸನ್ ಈಸ್ ಸಂಜಯ! ಮೈ ಡಾಟರ್ ಇನ್ ಲಾ ಈಸ್ ಸೀಮಾ!" ನಾಲ್ಕನೆಯ ಸಾಲಿನಲ್ಲಿ ತನ್ನ ಹೆಸರೇ ಬಂದಾಗ ಅವಳ ದನಿ ಕೇಳಿ ಹೊರಗಿನ ಸಿಪಾಯಿಯೂ ಇಣುಕಿದ. ಹೋದ ವರ್ಷ ನಕ್ಕ ಹುಡುಗರು ಬಾಯಿ ಮುಚ್ಚಿ ಕೂತಿದ್ದರು.

ಐದನೆಯ ಸಾಲು. ಮೈ ಹಸ್ಬಂಡ್ ಈಸ್ ಎಂದು ಬರೆದು, ಹೊಟ್ಟೆ ಮುಂದಿನ ಡಿ ಬರೆದು, ಶಿವಗಂಗವ್ವ ಚಾಕ್‌ಪೀಸ್ ಕೆಳಗಿಟ್ಟು ಕೈ ಮುಗಿದಳು.

"ತುಂಬಾ ಛಲೋ ಬರದ್ರಿ ಅಜ್ಜಿ," ಎಂದಳು ಸಾರಿಕಾ ಟೀಚರ್. "ಹೆಸರು ಪೂರ್ತಿ ಮಾಡ್ರಿ. ಬರೇ ಡಿ ಆದ್ರ ಮಾರ್ಕ್ಸ್ ಕೊಡಾಕ ಬರೂದಿಲ್ಲ."

ಶಿವಗಂಗವ್ವ ಚಾಕ್‌ಪೀಸ್ ಮತ್ತೆ ಎತ್ತಿಕೊಂಡಳು. ಮುಂದಿನ ಅಕ್ಷರಗಳೆಲ್ಲ ಅವಳಿಗೆ ಬರುತ್ತಿದ್ದವು. ಸೊಸೆ ಹೊಲಕ್ಕೆ ಹೋದಾಗ ಒಬ್ಬಳೇ ಕೂತು ಪಾಟಿಯ ಮೇಲೆ ಒಂದೊಂದಾಗಿ, ನಡುನಡುವೆ ಜಾಗ ಬಿಟ್ಟು, ಹೆಸರಾಗದ ಹಾಗೆ ಬರೆದು ಕಲಿತಿದ್ದಳು. ಆದರೆ ಇಷ್ಟು ಜನರ ಮುಂದೆ, ಅವರೇ ಹಿಂದೆ ಕೂತಿರುವಾಗ, ಕೈ ಹಲಗೆಯ ತನಕ ಹೋಗಿ ನಿಂತಿತು. ಹಿಂದಿನಿಂದ ಯಾವನೋ ಪೋರ "ಕೆಎ ಇಪ್ಪತ್ತಮೂರು" ಎಂದ. ಕಿಸಕ್ ಎಂದು ಒಂದೆರಡು ನಗು. ಸ್ನೇಹಲಳ ಕೆಳತುಟಿ ಹೊರಗೆ ಬಂತು. ಆ ತುಟಿ ಹಾಗೆ ಬಂದರೆ ಮುಂದೇನೆಂದು ಶಿವಗಂಗವ್ವನಿಗೆ ಗೊತ್ತಿತ್ತು.

ಆಗ ತಾರವ್ವ ಶೇಂಗಾದ ಸಿಪ್ಪೆ ಕೊಡವಿ ಎದ್ದು ನಿಂತಳು.

"ಟೀಚರಬಾಯಿ, ಹಂಗ ಕೇಳಿದ್ರ ಹೆಂಗ ಹೇಳ್ಯಾಳ್ರಿ ಆಕಿ? ಗಂಡನ ಹೆಸರ ಐತಿ ಅದು! ಕೇಳೂ ರೀತಿಲೆ ಕೇಳಬೇಕ!" ಎಂದವಳೇ ಹಲಗೆಯ ಮುಂದೆ ಹೋಗಿ, ಹೊಸಿಲಿಗೆ ಅಡ್ಡ ನಿಂತ ನಾದಿನಿಯಂತೆ ಎರಡೂ ಕೈ ಚಾಚಿದಳು. "ಹೆಸರ ಹೇಳಿದ್ರನ ಕೆಳಗ ಬಿಡ್ತೇನಿ. ಒಡಪ ಹಾಕ ಶಿವಗಂಗವ್ವಾ!"

ಅಷ್ಟು ಸಾಕಾಯಿತು. ಅಲ್ಲಿಯವರೆಗೆ ಇಂಗ್ಲಿಷಿಗೆ ಹೆದರಿ ಸೆರಗು ಸರಿಪಡಿಸಿಕೊಂಡು ಕೂತಿದ್ದ ಅಜ್ಜಿಯರಿಗೆಲ್ಲ ಒಮ್ಮೆಲೇ ತಮ್ಮ ರಾಜ್ಯ ಸಿಕ್ಕಂತಾಯಿತು. "ಹೆಸರ ಹೇಳ! ಹೆಸರ ಹೇಳ!" ಎಂದು ಚಪ್ಪಾಳೆ ಬಿತ್ತು. ಕಾಗವಾಡ ಕಡೆಯ ಒಬ್ಬಳು "ನಾವ ಘ್ಯಾ, ನಾವ ಘ್ಯಾ" ಎಂದು ಮರಾಠಿಯಲ್ಲೇ ಕೂಗಿದಳು. ಸಾರಿಕಾ ಟೀಚರ್ ಮಾರ್ಕಿನ ಹಾಳೆ ಮೇಜಿನ ಮೇಲಿಟ್ಟು ತಾನೂ ಚಪ್ಪಾಳೆ ತಟ್ಟತೊಡಗಿದಳು.

ಶಿವಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮೊಮ್ಮಗಳನ್ನು ನೋಡಿದಳು, ಹಲಗೆಯ ಮೇಲಿನ ಡಿಯನ್ನು ನೋಡಿದಳು. ಒಳಗಿನಿಂದ ಹಳೆಯ ನಗು ಉಕ್ಕಿ ಬಂತು.

"ಬುಟ್ಟ್ಯಾಗ ಬೆಲ್ಲ, ಬೆಲ್ಲದ ಮ್ಯಾಲ ರೊಟ್ಟಿ,
ಡಿ ಅನ್ನು ಅಕ್ಷರಕ್ಕ ಮುಂದ ಬಂದೈತಿ ಹೊಟ್ಟಿ,
ಧರೆಪ್ಪನವರ ಹೆಸರ ಹೇಳತೇನಿ, ಎದಿ ಮಾಡಿ ಗಟ್ಟಿ!"

ಇಡೀ ಹಾಲ್ ಹಿಂದಕ್ಕೆ ತಿರುಗಿ ಆ ಹೊಟ್ಟೆಯನ್ನು ನೋಡಿತು. ಧರೆಪ್ಪ ಟೊಪ್ಪಿಗೆ ತೆಗೆದು ಅದನ್ನು ಮುಚ್ಚಿಕೊಳ್ಳಲು ನೋಡಿದ. ಟೊಪ್ಪಿಗೆ ಸಾಲಲಿಲ್ಲ. ಈ ಸಲ ನಗದೆ ಕೂತವರು ಯಾರೂ ಇರಲಿಲ್ಲ. ಸ್ನೇಹಲಳೇ ಎಲ್ಲರಿಗಿಂತ ಮುಂದೆ. ಆ ಗದ್ದಲದಲ್ಲಿ ಶಿವಗಂಗವ್ವ ಹಲಗೆಗೆ ತಿರುಗಿ, ಡಿಯ ಮುಂದಿನ ಅಕ್ಷರಗಳನ್ನು ಒಂದಕ್ಕೊಂದು ಅಂಟಿಸಿ, ಜಾಗ ಬಿಡದೆ, ಬರೆದು ಮುಗಿಸಿದಳು.

ಎರಡನೆಯ ಬಹುಮಾನ ಬಂತು. ಒಂದು ಸ್ಟೀಲಿನ ಡಬ್ಬಿ. ಜೀಪಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಸ್ನೇಹಲಳಿಗೆ ಖುಷಿ ತಡೆಯಲಾಗುತ್ತಿರಲಿಲ್ಲ, ಆದರೆ ಲೆಕ್ಕವನ್ನೂ ಬಿಡುವವಳಲ್ಲ.

"ಆಯಿ, ಒಂದನೇದ ನಮಗ ಬರ್ತಿತ್ತ. ಟೀಚರ್ ಹೇಳಿದ್ರು. ಎಲ್ಲಾರ ಹೆಸರ ಬರೋಬ್ಬರಿ ಬರದಿ, ನಿಂದ ಅಷ್ಟ ಸಣ್ಣ ಎಸ್ ಹಾಕಿದಿ. ಮನ್ಯಾಗೂ ಹಂಗ ಮಾಡ್ತಿದ್ದಿ. ನಾ ನೋಡಲೇ ಇಲ್ಲ."

"ಗೊತ್ತಿದ್ದ ಹಾಕೇನವ್ವ," ಎಂದಳು ಶಿವಗಂಗವ್ವ ಕಿಟಕಿಯ ಹೊರಗೆ ಕಬ್ಬು ನೋಡುತ್ತ. "ಮೊದಲ ಆ 'ಐ' ದೊಡ್ಡದ ಬರಿಸ್ಯಾರ. ಅದರ ಮ್ಯಾಲ ನನ್ನ ಹೆಸರೂ ನಾನ ದೊಡ್ಡದ ಬರಕೊಂಡ್ರ ಮಂದಿ ಏನ ಅಂದಾರು? ಬ್ಯಾರೇದವ್ರು ಬರದ್ರ ಆ ಮಾತ ಬ್ಯಾರೆ."

ಧರೆಪ್ಪ ಗೇರು ಬದಲಿಸಿದ. ಏಕಸಂಬಿಯ ರಸ್ತೆಯ ಕುಣಿಗಳನ್ನು ಎಂದೂ ಇಲ್ಲದ ಜೋಪಾನದಿಂದ ದಾಟಿಸಿದ.

ಕಬ್ಬಿನ ಹಂಗಾಮು ಹತ್ತಿರ ಬಂತು. ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹೊತ್ತುವ ಮುಂಚೆ ಊರಿನ ಟ್ರ್ಯಾಕ್ಟರುಗಳೆಲ್ಲ ಮದುಮಕ್ಕಳಂತೆ ಬಣ್ಣ ಹಚ್ಚಿಸಿಕೊಂಡು ಬರುವುದು ವಾಡಿಕೆ. ಧರೆಪ್ಪನದೂ ಏಕಸಂಬಿಯ ಪೇಂಟರ್ ಭರಮುವಿನ ಹತ್ತಿರ ಹೋಯಿತು. ಅದರ ಬಾನೆಟ್ಟಿನ ಎರಡೂ ಬದಿ ದೇವರ ಹೆಸರು, ಮಡ್‌ಗಾರ್ಡಿನ ಮೇಲೆ ಒಂದು ಕಡೆ ಸಂಜಯ, ಇನ್ನೊಂದು ಕಡೆ ಸ್ನೇಹಲ. ಮುಂದಿನ ಬಂಪರು ಖಾಲಿ ಇತ್ತು. ಅಲ್ಲಿ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದರು.

ಎರಡು ದಿನ ಬಿಟ್ಟು ಸಂಜೆ ಶಿವಗಂಗವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಗ ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರಿನ ಹಾಡು ಕೇಳಿಸಿತು. ಸ್ನೇಹಲ ಎದುರು ಓಡಿದಳು. ಓಡಿದವಳು ಅಲ್ಲೇ ನಿಂತು ಕೂಗಿದಳು.

"ಮುತ್ಯಾ! ತಪ್ಪ ಬರಸೀರಿ! ಮೊದಲನೇ ಅಕ್ಷರ ಅಷ್ಟ ದೊಡ್ಡದ ಇರಬೇಕ. ಇದ ಎಲ್ಲಾನೂ ದೊಡ್ಡದ ಐತಿ!"

"ಏ ಹೋಗಲೇ, ಭರಮೂನೂ ಹಂಗ ಅಂದಾ." ಧರೆಪ್ಪ ಇಂಜಿನ್ ಬಂದ್ ಮಾಡಿ, ಹೊಟ್ಟೆ ಸಾವರಿಸಿಕೊಂಡು ಕೆಳಗಿಳಿದ. "ಒಂದೂ ಸಣ್ಣದ ಹಾಕಬ್ಯಾಡ ಅಂದೆ. ನಂಬರ್ ಪ್ಲೇಟಿನ ಮ್ಯಾಲ ಸಣ್ಣ ಅಕ್ಷರ ನೋಡಿಯೇನ ಎಲ್ಯರ?"

ಶಿವಗಂಗವ್ವ ಮೊರ ಕೆಳಗಿಟ್ಟು ಎದ್ದು ಬಂದಳು. ಬಂಪರಿನ ಈ ತುದಿಯಿಂದ ಆ ತುದಿಯ ತನಕ ಹಳದಿ ಬಣ್ಣದ ಅಕ್ಷರಗಳು, ಎಲ್ಲ ಒಂದೇ ಎತ್ತರ, ಪಂಗತಿಗೆ ಕೂತಂತೆ. ಮೊದಲನೆಯದು ಎಸ್. ಕಡೆಯದು ಎ. ನಡುವಿನದು ಓದುವ ಮುಂಚೆಯೇ ಅವಳಿಗೆ ತಿಳಿದುಹೋಯಿತು. ಕಣ್ಣು ತುಂಬಿತು, ಅದನ್ನು ಮುಚ್ಚಿಕೊಳ್ಳಲು ಅವಳು ಬಗ್ಗಿ ಎಸ್ ಅಕ್ಷರವನ್ನು ಮುಟ್ಟಿದಳು.

ತಾರವ್ವ ಆಗಲೇ ಗೋಡೆಯ ಮೇಲಿಂದ ಕತ್ತು ಚಾಚಿದ್ದಳು. "ಯಾರ ಹೆಸರ ಬರಸೀದಿ ಧರೆಪ್ಪಣ್ಣಾ? ಓದಿ ಹೇಳಪಾ. ನನಗ ಇಂಗ್ಲೀಷ್ ಎಲ್ಲಿ ಬರ್ತೈತಿ?"

ಧರೆಪ್ಪ ಪೇಚಿಗೆ ಸಿಕ್ಕ. ಬೆರಳಿನಿಂದ ಬಂಪರು ತೋರಿಸಿದ. "ಇದ ನೋಡ, ಇದ ಎ. ಇದೂ ಎ. ಇಲ್ಲೊಂದ ಎ ಐತಿ." ಅವನಿಗೆ ನಂಬರ್ ಪ್ಲೇಟಿನಿಂದ ಗುರುತಿದ್ದ ಅಕ್ಷರ ಅದೊಂದೇ ಅಲ್ಲಿ ಸಿಕ್ಕಿತ್ತು.

"ಎ ಎ ಅನಬ್ಯಾಡ. ಹೆಸರ ಹೇಳ!"

"ಹೆಸರ ಹೇಳ್ರಿ ಮುತ್ಯಾ!" ಎಂದು ಸ್ನೇಹಲ ಚಪ್ಪಾಳೆ ತಟ್ಟಿದಳು. ಒಳಗಿನಿಂದ ಸೀಮಾಳ ಬಳೆ ಸದ್ದೂ ಸೇರಿತು.

ಧರೆಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಮತ್ತೆ ಹಾಕಿಕೊಂಡ. ಹೆಂಡತಿಯ ಕಡೆ ನೋಡದೆ, ಬಂಪರನ್ನೇ ನೋಡುತ್ತ, ಹೊಸ ಊರಿನ ಹೆಸರು ಕೇಳುವವನಂತೆ ಮೆತ್ತಗೆ ಹೇಳಿದ.

"ಶಿವಗಂಗವ್ವಾ."

"ಓ," ಎಂದಳು ಅವಳು, ಬಗ್ಗಿದಲ್ಲಿಂದಲೇ, ಕರೆದವರಿಗೆ ಉತ್ತರ ಕೊಟ್ಟ ಹಾಗೆ.

ತಾರವ್ವ ಸುಮ್ಮನೆ ಕತ್ತು ಕೆಳಗೆ ಎಳೆದುಕೊಂಡಳು. ಬಣ್ಣ ಇನ್ನೂ ಹಸಿಯಿತ್ತು. ಶಿವಗಂಗವ್ವನ ಬೆರಳ ತುದಿಗೆ ಹಳದಿ ಹತ್ತಿತ್ತು. ಅವಳು ಅದನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗಲೂ ಆ ಒಂದು ಬೆರಳನ್ನು ಹಿಟ್ಟಿಗೆ ತಾಗದಂತೆ ಎತ್ತಿ ಹಿಡಿದೇ ಬಡಿದಳು.